ಬಾಂದುಕಲ್ಲು ನೆಟ್ಟ ಮೇಷ್ಟ್ರು: ಗ್ಯಾರಿ ಕಿಲ್ಡಾಲ್

ಹೊಸ ಲ್ಯಾಪ್‌ಟಾಪ್ ಕೊಂಡ ನಮ್ಮೂರಿನ ಹುಡುಗರು ಆಗಾಗ ಕೇಳುವ ಪ್ರಶ್ನೆ ಒಂದಿದೆ. ಡಬ್ಬದ ಮೇಲೆ 8 ಜಿಬಿ ಮೆಮೊರಿ ಎಂದು ಅಚ್ಚಾಗಿರುತ್ತದೆ. ಆನ್ ಮಾಡಿ ನೋಡಿದರೆ ಬಳಕೆಗೆ ಸಿಗುವುದು ಅದಕ್ಕಿಂತ ಒಂದಿಷ್ಟು ಕಡಿಮೆ. ಉಳಿದದ್ದು ಎಲ್ಲಿಗೆ ಹೋಯಿತು, ಅಂಗಡಿಯವನು ಮೋಸ ಮಾಡಿದನೇ ಎಂಬುದು ಅವರ ಅನುಮಾನ. ಇದಕ್ಕೆ ಉತ್ತರ ನಮ್ಮ ಹಿರಿಯರಿಗೆ ಕಂಪ್ಯೂಟರ್ ಮುಟ್ಟದೆಯೇ ಗೊತ್ತಿದೆ. ಪಹಣಿ ತೆಗೆದು ವಿಸ್ತೀರ್ಣದ ಕಾಲಂ ನೋಡಿ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಒಂದು. ಅದರಲ್ಲಿ ಅ ಖರಾಬು ಇಷ್ಟು ಗುಂಟೆ, ಬ ಖರಾಬು ಇಷ್ಟು ಗುಂಟೆ ಎಂದು ಕಳೆದ ಮೇಲೆ ಸಾಗುವಳಿಗೆ ಉಳಿಯುವುದು ಇನ್ನೊಂದು. ಬಂಡೆ, ಹಳ್ಳ, ದಾರಿ ಎಲ್ಲವೂ ನಕ್ಷೆಯಲ್ಲಿ ಇವೆ. ಆದರೆ ಅಲ್ಲಿ ನೇಗಿಲು ಹೂಡುವಂತಿಲ್ಲ.

ಕಂಪ್ಯೂಟರಿನ ಮೆಮೊರಿಯಲ್ಲೂ ಇಂಥ ಖರಾಬು ಜಾಗವಿದೆ. ಯಂತ್ರ ತಯಾರಿಸಿದವರು ಅದರೊಳಗೇ ಇಟ್ಟು ಕಳಿಸುವ ಮೂಲ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದು ತನ್ನ ಕೆಲಸಕ್ಕೆ ಒಂದಿಷ್ಟು ಜಾಗ ಕಾದಿರಿಸಿಕೊಳ್ಳುತ್ತದೆ. ಆಮೇಲೆ ಬರುವ ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್ ಅಥವಾ ಲಿನಕ್ಸ್, ಆ ಜಾಗ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಮೊದಲು ತಿಳಿದುಕೊಂಡು, ಅದನ್ನು ಬಿಟ್ಟು ಉಳಿದದ್ದರಲ್ಲಿ ಬೇಸಾಯ ಮಾಡಬೇಕು. ಮೇಜಿನ ಮೇಲಿಡುವ ಚಿಕ್ಕ ಕಂಪ್ಯೂಟರುಗಳಲ್ಲಿ ಈ ಬಾಂದುಕಲ್ಲನ್ನು ನೆಟ್ಟು, ಎಲ್ಲರೂ ಒಪ್ಪುವ ಪದ್ಧತಿಯನ್ನಾಗಿ ಮಾಡಿದವರು ಗ್ಯಾರಿ ಕಿಲ್ಡಾಲ್ ಎಂಬ ಒಬ್ಬ ಮೇಷ್ಟ್ರು. ಅವರು ತೀರಿಕೊಂಡು ಮೂವತ್ತು ವರ್ಷಕ್ಕೂ ಮೇಲಾಯಿತು. ಕಂಪ್ಯೂಟರ್ ಕ್ಷೇತ್ರದಲ್ಲಿ ಅವರ ಹೆಸರು ದೊಡ್ಡದು. ಆದರೆ ಬಹಳ ಜನ ಅವರನ್ನು ನೆನೆಯುವುದು ಕೈತಪ್ಪಿದ ಒಂದು ವ್ಯಾಪಾರದ ಕಥೆಯಿಂದ. ಅವರ ನಿಜವಾದ ಕೆಲಸ ಏನು ಎಂಬುದನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ದಾಖಲಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಸಿಯಾಟಲ್ ಬಂದರು ಪಟ್ಟಣ. ಅವರದು ನಾರ್ವೆ ಮೂಲದ ಮನೆತನ. ಆ ಮನೆಯವರೇ ಒಂದು ಶಾಲೆ ನಡೆಸುತ್ತಿದ್ದರು. ಅದು ಹಡಗು ನಡೆಸುವವರಿಗೆ ಸಮುದ್ರಯಾನದ ವಿದ್ಯೆ ಕಲಿಸುವ ಶಾಲೆ. ಗ್ಯಾರಿಯ ತಾತ ಕಟ್ಟಿದ್ದು, ತಂದೆ ಜೋಸೆಫ್ ಮುಂದುವರಿಸಿದ್ದು. ಸಮುದ್ರದ ನಕ್ಷೆಯಲ್ಲಿ ಮೊದಲು ನೋಡುವುದು ಎಲ್ಲಿ ಹೋಗಬಹುದು ಎಂಬುದಕ್ಕಿಂತ ಎಲ್ಲಿ ಹೋಗಬಾರದು ಎಂಬುದನ್ನು: ನೀರಿನಡಿಯ ಬಂಡೆ, ಮರಳ ದಿಬ್ಬ, ಆಳವಿಲ್ಲದ ಜಾಗ. ಆ ಗುರುತು ಸರಿಯಾಗಿದ್ದರೆ ಉಳಿದ ಸಮುದ್ರವೆಲ್ಲ ದಾರಿ. ಹುಡುಗ ಗ್ಯಾರಿ ಬೆಳೆದದ್ದು ಇಂಥ ನಕ್ಷೆಗಳ ನಡುವೆ.

ಹೈಸ್ಕೂಲಿನಲ್ಲಿ ಅವರು ಮೊದಲ ಬೆಂಚಿನ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಪುಸ್ತಕಕ್ಕಿಂತ ಕಾರು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ. ಶಾಲೆ ಮುಗಿದ ಮೇಲೆ ಮನೆಯ ನೌಕಾಶಾಲೆಯಲ್ಲೇ ಪಾಠ ಮಾಡಿದರು. ಪಾಠ ಹೇಳುತ್ತಲೇ ಲೆಕ್ಕದ ರುಚಿ ಹತ್ತಿತು. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕಂಪ್ಯೂಟರಿನ ಪರಿಚಯವಾಗಿ ದಿಕ್ಕು ಬದಲಾಯಿತು. 1963ರಲ್ಲಿ ಡೊರೊತಿ ಮೆಕ್‌ಈವನ್ ಅವರನ್ನು ಮದುವೆಯಾದರು. ಮುಂದೆ ಕಂಪನಿ ಕಟ್ಟುವಾಗ ವ್ಯವಹಾರದ ಭಾರ ಹೊತ್ತವರು ಈಕೆಯೇ.

ಅದು ವಿಯೆಟ್ನಾಂ ಯುದ್ಧದ ಕಾಲ. ಗ್ಯಾರಿ ನೌಕಾಪಡೆಯ ಸೇವೆಗೆ ಸೇರಬೇಕಾಯಿತು. ಯುದ್ಧನೌಕೆಯ ಬದಲು ಅವರಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡುವ ಕೆಲಸ. ಸೇವೆಯ ಅವಧಿ ಮುಗಿದ ಮೇಲೂ ಅಲ್ಲೇ ಅಧ್ಯಾಪಕರಾಗಿ ಉಳಿದರು. ಜೊತೆಗೇ ಓದಿ 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1973ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದು, ಪ್ರೋಗ್ರಾಮ್‌ಗಳನ್ನು ಚುರುಕಾಗಿ ಓಡುವಂತೆ ತಿದ್ದುವ ವಿಧಾನದ ಬಗ್ಗೆ, ಇಂದಿಗೂ ಕಂಪೈಲರ್ ವಿಷಯ ಓದುವ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠದ ಬುನಾದಿಯಾಗಿದೆ.

ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಅದನ್ನು ಇಡುವ ಶಕ್ತಿ ಇದ್ದದ್ದು ಸರ್ಕಾರಕ್ಕೆ, ದೊಡ್ಡ ಕಂಪನಿಗಳಿಗೆ, ವಿಶ್ವವಿದ್ಯಾಲಯಗಳಿಗೆ. 1971ರ ಕೊನೆಯಲ್ಲಿ ಇಂಟೆಲ್ ಕಂಪನಿ 4004 ಎಂಬ ಚಿಪ್ ತಂದಿತು. ಬೆರಳ ತುದಿಯಷ್ಟು ಜಾಗದಲ್ಲಿ ಕಂಪ್ಯೂಟರಿನ ಮಿದುಳು. ಬಹಳ ಜನ ಅದನ್ನು ಕ್ಯಾಲ್ಕುಲೇಟರಿನ ಬಿಡಿಭಾಗ ಎಂದು ನೋಡಿದರು. ಕಿಲ್ಡಾಲ್ ಮಾತ್ರ ಅದರಲ್ಲಿ ತಂದೆಯ ನೌಕಾಶಾಲೆಯ ದಿಕ್ಕಿನ ಲೆಕ್ಕ ಮಾಡಬಹುದೇ ಎಂದು ಪ್ರಯತ್ನಪಟ್ಟರು. ಹೀಗೆ ಇಂಟೆಲ್‌ನ ಸಂಪರ್ಕ ಬೆಳೆದು ಅಲ್ಲಿಗೆ ಸಲಹೆಗಾರರಾದರು. ಅವರು ಇಂಟೆಲ್‌ಗಾಗಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿಕೊಟ್ಟರು. ಅಲ್ಲಿಂದ ದೊರೆತ ಚಿಕ್ಕ ಯಂತ್ರವನ್ನು ತಮ್ಮ ತರಗತಿಯ ಹಿಂಭಾಗದಲ್ಲಿಟ್ಟು, ವಿದ್ಯಾರ್ಥಿಗಳಿಗೆ ಕೈಯಾರೆ ಬಳಸಲು ಬಿಟ್ಟರು. ಇಂದು ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬ್ ಎನ್ನುತ್ತೇವಲ್ಲ, ಚಿಕ್ಕ ಕಂಪ್ಯೂಟರುಗಳ ಮಟ್ಟಿಗೆ ಅದರ ಹಳೆಯ ಬೇರುಗಳಲ್ಲಿ ಒಂದು ಅಲ್ಲಿದೆ.

ಆ ಯಂತ್ರಕ್ಕೆ ಒಂದು ದೊಡ್ಡ ಕೊರತೆ ಇತ್ತು. ಬರೆದದ್ದನ್ನು ಉಳಿಸಿಡಲು ಕಾಗದದ ಪಟ್ಟಿಯಲ್ಲಿ ತೂತು ಕೊರೆಯಬೇಕಿತ್ತು. ಆಗಷ್ಟೇ ಬಂದಿದ್ದ ಫ್ಲಾಪಿ ಡಿಸ್ಕನ್ನು ಜೋಡಿಸಿದರೆ ಆ ಪಾಡು ತಪ್ಪುತ್ತದೆ ಎಂದು ಕಿಲ್ಡಾಲ್‌ಗೆ ಹೊಳೆಯಿತು. ಶುಗಾರ್ಟ್ ಕಂಪನಿಯವರು ಪರೀಕ್ಷೆಗೆ ಓಡಿಸಿ ಸವೆದ ಒಂದು ಡ್ರೈವನ್ನು ಕೊಟ್ಟರು. ಅದನ್ನು ಯಂತ್ರಕ್ಕೆ ಹೊಂದಿಸುವ ವಿದ್ಯುತ್ ಭಾಗ ಅವರ ಕೈಗೆ ಬಗ್ಗಲಿಲ್ಲ. ಹಳೆಯ ಸ್ನೇಹಿತ ಜಾನ್ ಟೊರೋಡ್ ಬಂದು ಅದನ್ನು ಮಾಡಿಕೊಟ್ಟರು. ತಂತ್ರಾಂಶವನ್ನು ಕಿಲ್ಡಾಲ್ ಬರೆದರು. 1974ರಲ್ಲಿ, ಮಾಂಟೆರೆಯ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ, ಅದು ಮೊದಲ ಬಾರಿಗೆ ಕೆಲಸ ಮಾಡಿತು. ಅದೇ ಸಿಪಿ/ಎಂ, ಚಿಕ್ಕ ಕಂಪ್ಯೂಟರುಗಳ ಲೋಕದಲ್ಲಿ ಮನೆಮಾತಾದ ಮೊದಲ ಆಪರೇಟಿಂಗ್ ಸಿಸ್ಟಮ್. ಇಂಟೆಲ್‌ಗೆ ಅದು ಬೇಕಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಡಿಜಿಟಲ್ ರಿಸರ್ಚ್ ಕಂಪನಿ ಶುರು ಮಾಡಿ ತಾವೇ ಮಾರಿದರು. ನಮ್ಮ ಶಾಲೆಯ ಬಾಗಿಲು ತೆರೆದದ್ದೂ ಹೆಚ್ಚುಕಮ್ಮಿ ಆ ಕಾಲದಲ್ಲೇ.

ಈಗ ಬಾಂದುಕಲ್ಲಿನ ವಿಷಯಕ್ಕೆ ಬರೋಣ. ಆ ದಿನಗಳಲ್ಲಿ ಒಬ್ಬೊಬ್ಬ ತಯಾರಕನ ಯಂತ್ರ ಒಂದೊಂದು ಬಗೆ. ಕೀಲಿಮಣೆ ಜೋಡಿಸುವ ರೀತಿ ಬೇರೆ, ಡಿಸ್ಕ್ ಓದುವ ರೀತಿ ಬೇರೆ. ಪ್ರತಿ ಹೊಸ ಯಂತ್ರಕ್ಕೂ ಸಿಪಿ/ಎಂ ಅನ್ನು ಉದ್ದಕ್ಕೂ ತಿದ್ದಿ ಬರೆಯಬೇಕಾಗುತ್ತಿತ್ತು. 1976ರ ಹೊತ್ತಿಗೆ ಇಮ್ಸಾಯ್ ಎಂಬ ಕಂಪನಿಯೂ ತನ್ನ ಯಂತ್ರಕ್ಕೆ ಅದನ್ನು ಕೇಳಿಕೊಂಡು ಬಂದಿತು. ಹೀಗೆ ಮಾಡಿದ್ದನ್ನೇ ಮಾಡಿ ಬೇಸತ್ತಿದ್ದ ಕಿಲ್ಡಾಲ್ ತಮ್ಮ ತಂತ್ರಾಂಶವನ್ನು ಎರಡು ಭಾಗ ಮಾಡಿದರು. ಯಂತ್ರದ ಗುಣ ತಿಳಿದಿರಬೇಕಾದ ಕೆಲಸವನ್ನೆಲ್ಲ ಒಂದು ಚಿಕ್ಕ ಭಾಗಕ್ಕೆ ಹಾಕಿ ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ಉಳಿದದ್ದು ಯಾವ ಯಂತ್ರಕ್ಕೂ ಬದಲಾಗದ ಭಾಗ. ಹೊಸ ಯಂತ್ರ ಮಾಡಿದವರು ತಮ್ಮ ಬಯಾಸ್ ಒಂದನ್ನು ಬರೆದುಕೊಂಡರೆ ಸಾಕು. ಮಿಕ್ಕಿದ್ದೆಲ್ಲ ಹಾಗೆಯೇ ನಡೆಯುತ್ತದೆ. ಇಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗರ ಬಾಯಲ್ಲೂ ಇರುವ ಬಯಾಸ್ ಎಂಬ ಮಾತು ಬಂದದ್ದು ಅಲ್ಲಿಂದ.

ಹೀಗೆ ಭಾಗ ಮಾಡಿದ ಮೇಲೆ ಮೆಮೊರಿಯಲ್ಲೂ ಪಾಲು ಗುರುತಿಸಬೇಕಾಯಿತು. ಇಂಟೆಲ್ 8080 ಚಿಪ್ ಮುಟ್ಟಬಲ್ಲ ಮೆಮೊರಿ ಹೆಚ್ಚೆಂದರೆ 64 ಕೆಬಿ, ಅಂದರೆ 65,536 ಮನೆಗಳು. ಇಂದಿನ ಒಂದು ಫೋಟೋ ಹಿಡಿಯುವುದಕ್ಕೂ ಅದು ಸಾಲದು. ಕಿಲ್ಡಾಲ್ ಅದರ ತಳದ 256 ಮನೆಗಳನ್ನು ವ್ಯವಸ್ಥೆಯ ಉಪಯೋಗಕ್ಕೆ ಬಿಟ್ಟರು. ಬಯಾಸನ್ನು ಮೆಮೊರಿಯ ತೀರ ಮೇಲ್ತುದಿಯಲ್ಲಿ ಇಟ್ಟರು. ಅದರ ಕೆಳಗೆ ಆಪರೇಟಿಂಗ್ ಸಿಸ್ಟಮ್‌ನ ಮುಖ್ಯ ಭಾಗ. ಈ ಎರಡು ಕಾದಿರಿಸಿದ ಜಾಗಗಳ ನಡುವಿನ ಹೊಲವೆಲ್ಲ ಬಳಕೆದಾರನ ಪ್ರೋಗ್ರಾಮಿಗೆ.

ಆದರೆ ಎಲ್ಲ ಯಂತ್ರಗಳಲ್ಲೂ ಮೆಮೊರಿ ಒಂದೇ ಅಳತೆ ಇರಲಿಲ್ಲ. ಒಂದರಲ್ಲಿ 16 ಕೆಬಿ, ಇನ್ನೊಂದರಲ್ಲಿ 48 ಕೆಬಿ. ಬಯಾಸ್‌ಗಳೂ ಒಂದೇ ಗಾತ್ರದವಲ್ಲ. ಹಾಗಾದರೆ ತನ್ನ ಹೊಲ ಎಲ್ಲಿ ಮುಗಿಯುತ್ತದೆ ಎಂದು ಪ್ರೋಗ್ರಾಮಿಗೆ ತಿಳಿಯುವುದು ಹೇಗೆ? ಇದಕ್ಕೆ ಕಿಲ್ಡಾಲ್ ಕಂಡುಕೊಂಡ ಉಪಾಯ ಬಹಳ ಸರಳ. ತಳದ 256 ಮನೆಗಳಲ್ಲಿ 6 ಮತ್ತು 7ನೇ ವಿಳಾಸದಲ್ಲಿ ಒಂದು ಸಂಖ್ಯೆ ಬರೆದಿಟ್ಟರು. ಆಪರೇಟಿಂಗ್ ಸಿಸ್ಟಮ್‌ನ ಸೇವೆ ಕೇಳಲು ಹೋಗಬೇಕಾದ ಬಾಗಿಲಿನ ವಿಳಾಸ ಅದು. ಹೊಲದ ಮೇರೆಯೂ ಅದೇ. ಯಾವ ಊರಿನ ಯಾವ ಯಂತ್ರವೇ ಆಗಲಿ, ಪ್ರೋಗ್ರಾಮ್ ಬಂದು ಮೊದಲು ಆ ಎರಡು ಮನೆ ಓದಿದರೆ ಎಲ್ಲಿಯವರೆಗೆ ಉಳಬಹುದು ಎಂಬುದು ಗೊತ್ತಾಗುತ್ತದೆ. ಊಹಿಸುವ ಕೆಲಸವಿಲ್ಲ. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಮ್ ನೂರಾರು ಬಗೆಯ ಯಂತ್ರಗಳಲ್ಲಿ ಓಡಲು ಸಾಧ್ಯವಾದದ್ದು ಇಂಥ ಒಪ್ಪಂದಗಳಿಂದ. ತಂತ್ರಾಂಶ ಎಂಬುದು ಒಂದು ಸ್ವತಂತ್ರ ಕಸುಬು ಆದದ್ದೂ, ನಮ್ಮ ಶಾಲೆಯಿಂದ ಹೋದ ನನ್ನಂಥವರಿಗೆ ಅದರಲ್ಲಿ ಅನ್ನ ಹುಟ್ಟಿದ್ದೂ ಇಂಥ ಒಪ್ಪಂದಗಳ ಬೆನ್ನ ಮೇಲೆಯೇ.

ಒಂದು ವಿಷಯ ಗಮನಿಸಬೇಕು. 8080 ಚಿಪ್‌ನಲ್ಲಿ ಬೇಲಿ ಇರಲಿಲ್ಲ, ಬಾಂದುಕಲ್ಲು ಮಾತ್ರ ಇತ್ತು. ಮೇರೆ ಮೀರಿ ಬರೆಯುವ ಪ್ರೋಗ್ರಾಮನ್ನು ತಡೆಯುವ ಶಕ್ತಿ ಯಂತ್ರಕ್ಕೆ ಇರಲಿಲ್ಲ. ಮೀರಿದರೆ ಬಯಾಸ್ ಕೆಡುತ್ತದೆ, ಯಂತ್ರ ನಿಂತುಹೋಗುತ್ತದೆ, ಮೀರಿದವನ ಕೆಲಸವೂ ಜೊತೆಗೇ ಹಾಳಾಗುತ್ತದೆ. ಕೆರೆ ಅಂಗಳ ಒತ್ತಿದವನ ಬಾವಿಯೇ ಬತ್ತುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರಲ್ಲಿ ಐಬಿಎಂ ಕಂಪನಿ ತನ್ನ ಹೊಸ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಪೆಸಿಫಿಕ್ ಗ್ರೋವ್‌ಗೆ ಬಂದಿತು. ಆ ದಿನ ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸಿಕೊಂಡು ಹೋಗಿದ್ದರು, ಅದರಿಂದ ಕೋಟಿಗಟ್ಟಲೆ ಕಳೆದುಕೊಂಡರು ಎಂಬ ಕಥೆ ಹುಟ್ಟಿಕೊಂಡಿತು. ನಿಜವಾಗಿ ಅವರು ತಮ್ಮ ವಿಮಾನದಲ್ಲಿ ಹೋದದ್ದು ವ್ಯವಹಾರದ ಕೆಲಸಕ್ಕೆ, ಅದೇ ದಿನ ಹಿಂತಿರುಗಿಯೂ ಇದ್ದರು. ಐಬಿಎಂ ತಂದಿದ್ದ ಗೋಪ್ಯತೆಯ ಕರಾರಿಗೆ ಸಹಿ ಹಾಕಲು ಡೊರೊತಿ ಮತ್ತು ಅವರ ವಕೀಲರು ಹಿಂಜರಿದಿದ್ದರು. ಅಂತೂ ಮಾತುಕತೆ ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಮೈಕ್ರೋಸಾಫ್ಟ್ ಸಿಯಾಟಲ್‌ನ ಒಂದು ಸಣ್ಣ ಕಂಪನಿಯಿಂದ, ಟಿಮ್ ಪ್ಯಾಟರ್ಸನ್ ಎಂಬ ಇಂಜಿನಿಯರ್ ಸಿಪಿ/ಎಂ ಮಾದರಿಯಲ್ಲೇ ಬರೆದಿದ್ದ ವ್ಯವಸ್ಥೆಯೊಂದನ್ನು ಕೊಂಡು ಐಬಿಎಂಗೆ ಒದಗಿಸಿತು. ಅದೇ ಡಾಸ್. ಕಿಲ್ಡಾಲ್ ತಕರಾರು ತೆಗೆದ ಮೇಲೆ ಐಬಿಎಂ ಅವರ ಸಿಪಿ/ಎಂ ಅನ್ನೂ ಮಾರಲು ಒಪ್ಪಿತು. ಆದರೆ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ ಬೆಲೆ 240 ಡಾಲರ್. ಕೊಳ್ಳುವವರು ಯಾವುದನ್ನು ಕೊಂಡರು ಎಂದು ಹೇಳಬೇಕಾಗಿಲ್ಲ.

ಮಾರುಕಟ್ಟೆ ಕೈತಪ್ಪಿತು, ಪದ್ಧತಿ ಮಾತ್ರ ಉಳಿಯಿತು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯ ಫರ್ಮ್‌ವೇರ್‌ಗೂ ಬಯಾಸ್ ಎಂದೇ ಹೆಸರು. ಅದರ ಚಿಪ್ ಮುಟ್ಟಬಲ್ಲ 1 ಎಂಬಿಯಲ್ಲಿ ಕೆಳಗಿನ 640 ಕೆಬಿ ಪ್ರೋಗ್ರಾಮ್‌ಗಳಿಗೆ, ಮೇಲಿನ 384 ಕೆಬಿ ಪರದೆಗೆ, ಜೋಡಿಸುವ ಕಾರ್ಡುಗಳಿಗೆ ಮತ್ತು ಬಯಾಸ್‌ಗೆ. ಡಾಸ್‌ನ ಸಣ್ಣ ಪ್ರೋಗ್ರಾಮ್‌ಗಳು ಸಿಪಿ/ಎಂನಲ್ಲಿ ಇದ್ದಂತೆಯೇ ಮೊದಲ 256 ಮನೆಗಳನ್ನು ಬಿಟ್ಟು ಶುರುವಾಗುತ್ತಿದ್ದವು. ಹೊಲ ಕೈಬದಲಾದರೂ ಬಾಂದುಕಲ್ಲು ಇದ್ದಲ್ಲೇ ಇತ್ತು.

ಕಿಲ್ಡಾಲ್ ಸುಮ್ಮನೆ ಕೂರಲಿಲ್ಲ. 1983ರಿಂದ 1990ರವರೆಗೆ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದ ಸಹ ನಿರೂಪಕರಾಗಿ, ಜನಸಾಮಾನ್ಯರಿಗೆ ಕಂಪ್ಯೂಟರ್ ಪಾಠ ಹೇಳಿದರು. ಅಲ್ಲಿಯೂ ಅವರು ಮೇಷ್ಟ್ರೇ. 1985ರಲ್ಲಿ ಅವರು ಕಟ್ಟಿದ ಇನ್ನೊಂದು ಕಂಪನಿ ಇಡೀ ವಿಶ್ವಕೋಶವನ್ನು ಒಂದು ಸಿ.ಡಿ.ಯಲ್ಲಿ ತಂದಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೊವೆಲ್ ಕಂಪನಿ ಕೊಂಡಿತು. ಹಣಕ್ಕೆ ಕೊರತೆ ಇರಲಿಲ್ಲ. ಆದರೆ ಹೋದಲ್ಲೆಲ್ಲ ಆ ವಿಮಾನದ ಕಥೆಯನ್ನೇ ಕೇಳಬೇಕಾದ ನೋವು ಅವರನ್ನು ಬಿಡಲಿಲ್ಲ. ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 1994ರ ಜುಲೈನಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟು ಬಿದ್ದು, ಜುಲೈ 11ರಂದು ತೀರಿಕೊಂಡರು. ಆಗ ಅವರಿಗೆ 52 ವರ್ಷ. 2014ರಲ್ಲಿ ಐಇಇಇ ಸಂಸ್ಥೆ ಪೆಸಿಫಿಕ್ ಗ್ರೋವ್‌ನ ಅವರ ಹಳೆಯ ಕಚೇರಿಯ ಎದುರು ಸ್ಮರಣ ಫಲಕ ಹಾಕಿತು.

ಅವರು ಹೋದ ಮೇಲೆ ಮೆಮೊರಿ ಸಾವಿರಾರು ಪಟ್ಟು ಬೆಳೆಯಿತು. ಮೇರೆ ತಿಳಿಸಲು ಒಂದು ಸಂಖ್ಯೆ ಸಾಲದಾಯಿತು. ಪೂರ್ತಿ ಪಹಣಿಯೇ ಬೇಕಾಯಿತು. ಬಯಾಸ್ ಯಂತ್ರಗಳಲ್ಲಿ ಇ820 ಎಂಬ ಹೆಸರಿನ ಪ್ರಶ್ನೆಯೊಂದು ಬಂತು. ಲಿನಕ್ಸ್ ಶುರುವಾಗುವಾಗ ಅದರ ತಿರುಳು, ಅಂದರೆ ಕರ್ನಲ್, ಬಯಾಸನ್ನು ಈ ಪ್ರಶ್ನೆ ಕೇಳುತ್ತದೆ. ಒಂದು ಸಲಕ್ಕೆ ಒಂದು ನಮೂದು ಉತ್ತರವಾಗಿ ಬರುತ್ತದೆ: ಎಲ್ಲಿಂದ, ಎಷ್ಟು ಉದ್ದ, ಯಾವ ಬಗೆ. ಪಟ್ಟಿ ಮುಗಿಯುವವರೆಗೂ ಕರ್ನಲ್ ಕೇಳುತ್ತಲೇ ಹೋಗುತ್ತದೆ. ಬಗೆ 1 ಎಂದರೆ ಸಾಗುವಳಿಗೆ ಯೋಗ್ಯ. 2 ಎಂದರೆ ಕಾದಿರಿಸಿದ್ದು, ಮುಟ್ಟಬಾರದು. 3 ಎಂದರೆ ಯಂತ್ರದ ವಿವರಗಳ ಪಟ್ಟಿ ಇರುವ ಜಾಗ. ಓದಿ ಮುಗಿಸಿದ ಮೇಲೆ ಉಳಬಹುದು, ಕಟಾವಾದ ಹೊಲದಂತೆ. 4 ಎಂದರೆ ಫರ್ಮ್‌ವೇರ್ ಯಾವಾಗಲೂ ಇಟ್ಟುಕೊಳ್ಳುವ ಜಾಗ. 5 ಎಂದರೆ ಕೆಟ್ಟ ಮೆಮೊರಿ, ಬರೀ ಬಂಡೆ. ಹೊಸ ಯಂತ್ರಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್ಐ ಬಂದಿದೆ. ಅದು ಇಡೀ ನಕ್ಷೆಯನ್ನು ಒಮ್ಮೆಗೇ ಕೊಡುತ್ತದೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳಲ್ಲಿ ತಯಾರಕರು ಬರೆದಿಟ್ಟ ಪಟ್ಟಿಯೊಂದು ಸಿಗ್ನಲ್ ಹಿಡಿಯುವ ಭಾಗಕ್ಕೆ ಇಷ್ಟು ಎಂಬಂತೆ ಜಾಗ ಕಾದಿರಿಸುತ್ತದೆ.

ಸಿಕ್ಕ ಪಟ್ಟಿಯನ್ನು ಕರ್ನಲ್ ಕಣ್ಣುಮುಚ್ಚಿ ನಂಬುವುದಿಲ್ಲ. ಎರಡು ನಮೂದುಗಳು ಒಂದರ ಮೇಲೊಂದು ಬಿದ್ದರೆ, ಒಂದೇ ಗುಂಟೆ ಇಬ್ಬರ ಪಹಣಿಯಲ್ಲಿ ಬಂದಂತೆ, ಹೆಚ್ಚು ಬಿಗಿಯಾದ ನಮೂದನ್ನೇ ಎತ್ತಿಹಿಡಿಯುತ್ತದೆ. ಕೆಲವು ಬಯಾಸ್‌ಗಳು ಸಾಗುವಳಿಗೆ ಎಂದು ತೋರಿಸಿದ ತಳದ ಮೆಮೊರಿಯಲ್ಲಿ ಹೇಳದೆ ಕೇಳದೆ ಬರೆದು ಕೆಡಿಸುವುದು ಪತ್ತೆಯಾದದ್ದರಿಂದ, 2021ರಿಂದ ಪಿಸಿಗಳ ಲಿನಕ್ಸ್ ಮೊದಲ 1 ಎಂಬಿಯನ್ನು ಪೂರ್ತಿ ಬಿಟ್ಟೇಬಿಡುತ್ತದೆ. ದಾಖಲೆ ಸುಳ್ಳು ಹೇಳಿದರೆ ಎಂಥ ಜಾಣ ಸಾಗುವಳಿದಾರನೂ ಕೆಡುತ್ತಾನೆ ಎಂಬುದಕ್ಕೆ ಇದು ಸಾಕ್ಷಿ. ಇನ್ನು ಕಾದಿರಿಸಿದ ಜಾಗದಲ್ಲಿ ಕೆಲವಕ್ಕೆ ಹೋಗಿಬರುವ ಅಗತ್ಯ ಇರುತ್ತದೆ. ಯುಇಎಫ್ಐ ಯಂತ್ರಗಳಲ್ಲಿ, ಮುಂದಿನ ಸಲ ಹೇಗೆ ಶುರುವಾಗಬೇಕು ಎಂಬ ಸೂಚನೆ ಬರೆಸಲು ಕರ್ನಲ್ ಫರ್ಮ್‌ವೇರನ್ನು ಕರೆಯುತ್ತದೆ. ಅದಕ್ಕಾಗಿ ತನ್ನ ವಿಳಾಸ ಪಟ್ಟಿಯಲ್ಲಿ ಆ ಜಾಗಕ್ಕೆ ಒಂದು ನಕಾಶೆ ದಾರಿ ಇಟ್ಟುಕೊಂಡಿರುತ್ತದೆ. ದಾರಿಯಲ್ಲಿ ಓಡಾಡಬಹುದು, ಉಳುವಂತಿಲ್ಲ. ಇಂದಿನ ಚಿಪ್‌ಗಳಲ್ಲಿ ಬಾಂದುಕಲ್ಲಿನ ಜೊತೆಗೆ ಬೇಲಿಯೂ ಇದೆ. ಪ್ರೋಗ್ರಾಮ್ ಮೇರೆ ಮೀರಿದರೆ ಚಿಪ್ ತಾನೇ ತಡೆಯುತ್ತದೆ.

ಲ್ಯಾಪ್‌ಟಾಪಿನ 8 ಜಿಬಿಯಲ್ಲಿ ಕಾಣದಾದದ್ದು ಹೀಗೆ ಕಾದಿರಿಸಿದ ಪಾಲು. ಅಂಗಡಿಯವನು ನಿರಪರಾಧಿ. ಆ ಪಾಲನ್ನು ಬಿಟ್ಟದ್ದರಿಂದಲೇ ಉಳಿದದ್ದು ನಿಶ್ಚಿಂತೆಯಾಗಿ ನಮ್ಮದಾಗಿದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಈಗ ಗುಂಟೆ ಗುಂಟೆಗೂ ಬೆಲೆ ಬಂದಿದೆ. ಗೋಮಾಳ, ಗುಂಡುತೋಪು, ರಾಜಕಾಲುವೆ ಇವೆಲ್ಲ ಸುಮ್ಮನೆ ಬಿದ್ದ ಜಾಗ ಎಂದು ಅನೇಕರಿಗೆ ಕಾಣುತ್ತಿದೆ. ಕಾಲುವೆ ಮುಚ್ಚಿದ ವರ್ಷ ಏನೂ ಆಗುವುದಿಲ್ಲ. ದೊಡ್ಡ ಮಳೆ ಬಂದ ವರ್ಷ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಮನೆಯೊಳಗೆ ಬರುತ್ತದೆ. ಎಲ್ಲರ ಹೊಲವನ್ನೂ ಕಾಯುತ್ತಿರುವುದು ಯಾರೂ ಉಳದೆ ಬಿಟ್ಟ ಆ ಜಾಗ. ಒಬ್ಬ ಮೇಷ್ಟ್ರು ಅರವತ್ತೈದು ಸಾವಿರ ಮನೆಗಳ ಒಂದು ಪುಟ್ಟ ಮೆಮೊರಿಯಲ್ಲಿ ಇದನ್ನು ಅರಿತು ನಡೆದರು.

ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಲ್ಯಾಬ್‌ನಲ್ಲಿ ಉಬುಂಟು ಇರುವ ಕಂಪ್ಯೂಟರ್ ಇದ್ದರೆ, ಅದು ಶುರುವಾಗುವಾಗ ದಾಖಲಿಸುವ ಸಾಲುಗಳನ್ನು ತೋರಿಸಿ ಎಂದು ನಿಮ್ಮ ಗುರುಗಳನ್ನು ಕೇಳಿ. ಮೊದಮೊದಲ ಸಾಲುಗಳಲ್ಲೇ ಮೆಮೊರಿಯ ಪಹಣಿ ಕಾಣುತ್ತದೆ. ಒಂದೊಂದು ನಮೂದಿನ ಮುಂದೆಯೂ ಬಯಾಸ್ ಎಂಬ ಪದವಿರುತ್ತದೆ. ಯಂತ್ರದಲ್ಲಿ ಬಯಾಸ್ ಹೋಗಿ ಯುಇಎಫ್ಐ ಬಂದಿದ್ದರೂ ಲಿನಕ್ಸ್ ಆ ಪದವನ್ನು ಬಿಟ್ಟಿಲ್ಲ. ಸಿಯಾಟಲ್‌ನ ನೌಕಾಶಾಲೆಯ ಮನೆಯ ಹುಡುಗ ಇಟ್ಟ ಹೆಸರು ಅದು.

(ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)